359 ಅಕ್ಷರಗಳ ಕೃತಿ

ಸ್ಪಿಂಡಲ್ ಟ್ಯೂಬರ್ ರೋಗ ಹಿಡಿದ ಆಲೂಗಡ್ಡೆ ಗಿಡದ ಜೀವಕೋಶದಲ್ಲಿ 359 ಅಕ್ಷರಗಳ ಒಂದು ಬರಹ ಓಡಾಡುತ್ತಿರುತ್ತದೆ. ಅದರ ಅಕ್ಷರಮಾಲೆಯಲ್ಲಿ ಇರುವವರು ನಾಲ್ವರೇ: ಎ, ಯು, ಜಿ ಮತ್ತು ಸಿ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತ ಈ ನಾಲ್ಕು ಬಗೆಯ ನ್ಯೂಕ್ಲಿಯೊಟೈಡ್‌ಗಳ ಸರಪಣಿಗೆ ಆರ್‌ಎನ್‌ಎ ಎಂದು ಹೆಸರು. ಸಾಮಾನ್ಯವಾಗಿ ಆರ್‌ಎನ್‌ಎ ಎಳೆಗೆ ಒಂದು ತಲೆ, ಒಂದು ಬಾಲ ಇರುತ್ತದೆ. ಇದಕ್ಕೆ ಎರಡೂ ಇಲ್ಲ. ಕೊನೆಯ ಅಕ್ಷರ ಬಂದು ಮೊದಲನೆಯದರ ಕೈಹಿಡಿದು ವೃತ್ತ ಮುಗಿಯುತ್ತದೆ. ಸುತ್ತ ಪ್ರೋಟೀನಿನ ಕವಚವಿಲ್ಲ, ಜೊತೆಗೆ ಕೊಬ್ಬಿನ ಪೊರೆಯಿಲ್ಲ, ಬೇರೊಂದು ಅಣುವಿನ ಕಾವಲಿಲ್ಲ. ಈ ಬತ್ತಲೆ ಉಂಗುರ ಗಿಡದಿಂದ ಗಿಡಕ್ಕೆ ದಾಟುತ್ತದೆ, ತನ್ನ ಲಕ್ಷಾಂತರ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ, ದುಂಡು ಗೆಡ್ಡೆಯನ್ನು ಕದಿರಿನ ಆಕಾರಕ್ಕೆ ಎಳೆದು ಬಿಡುತ್ತದೆ. ಇದಕ್ಕೆ ವೈರಾಯ್ಡ್ ಎಂದು ಹೆಸರು. ನೀವು ಈಗ ಓದಿ ಮುಗಿಸುತ್ತಿರುವ ಈ ಒಂದೇ ಪ್ಯಾರಾದಲ್ಲಿ ಅದರ ಪೂರ್ತಿ ಪಠ್ಯಕ್ಕಿಂತ ಹೆಚ್ಚು ಅಕ್ಷರಗಳಿವೆ.

ಪಠ್ಯವನ್ನೇ ಒಮ್ಮೆ ಮೆಲ್ಲಗೆ ಓದೋಣ. ವೃತ್ತಕ್ಕೆ ಆರಂಭವಿಲ್ಲದ್ದರಿಂದ ವಿಜ್ಞಾನಿಗಳು ಎಡತುದಿಯ ಒಂದು ಜಾಗವನ್ನು ಒಂದನೆಯದೆಂದು ಒಪ್ಪಿಕೊಂಡಿದ್ದಾರೆ. ಅಲ್ಲಿಂದ ಹೊರಟರೆ ಸಿ, ಜಿ, ಜಿ, ಎ, ಎ, ಸಿ ಎಂದು ಸಾಲು ಮೊದಲಾಗುತ್ತದೆ. 359ನೆಯದರಿಂದ ಹಿಂದಕ್ಕೆ ಓದಿದರೆ ಯು, ಸಿ, ಸಿ, ಯು, ಯು, ಜಿ. ಆರ್‌ಎನ್‌ಎ ವ್ಯಾಕರಣದಲ್ಲಿ ಜಿಗೆ ಸಿ ಜೋಡಿ, ಎಗೆ ಯು ಜೋಡಿ. ಈಗ ಎರಡೂ ಸಾಲುಗಳನ್ನು ಎದುರುಬದುರು ಇಟ್ಟು ನೋಡಿ. ಎರಡನೆಯ ಜಿ ಎದುರಿಗೆ 358ನೆಯ ಸಿ ನಿಂತಿದೆ. ಮೂರನೆಯ ಜಿಗೆ 357ನೆಯ ಸಿ, ನಾಲ್ಕನೆಯ ಎಗೆ 356ನೆಯ ಯು, ಐದನೆಯ ಎಗೆ 355ನೆಯ ಯು, ಆರನೆಯ ಸಿಗೆ 354ನೆಯ ಜಿ. ಇವುಗಳಲ್ಲಿ ಯಾವ ಜೋಡಿಯ ಸಂಖ್ಯೆಗಳನ್ನು ಕೂಡಿಸಿದರೂ 360. ಮೊಟ್ಟಮೊದಲ ಸಿ ಮತ್ತು ಕಟ್ಟಕಡೆಯ ಯು ಮಾತ್ರ ಜೋಡಿಯಾಗದೆ ತುದಿಯ ಬಳುಕಿನಲ್ಲಿ ಬಿಡುವಾಗಿ ಉಳಿಯುತ್ತವೆ. ಆ ಬಿಡುವಿಗೂ ಕೆಲಸವಿದೆ. ಅದು ಮುಂದೆ ಬರುತ್ತದೆ.

ಹೀಗೆ ಮೇಲಿನ ಸಾಲು ಕೆಳಗಿನ ಸಾಲನ್ನು ಹಿಡಿಯುತ್ತ ಹೋದಂತೆ ಉಂಗುರ ಉಂಗುರವಾಗಿ ಉಳಿಯುವುದಿಲ್ಲ. ಕೊರಳ ಸರವನ್ನು ಎರಡೂ ಕಡೆ ಬೆರಳಿಟ್ಟು ಎಳೆದಾಗ ಅದರ ಎರಡು ಎಳೆ ಒಂದಕ್ಕೊಂದು ತಾಗಿ ಕೂರುವಂತೆ, ಇದೂ ಚಪ್ಪಟೆಯಾಗಿ ಕೋಲಿನ ಆಕಾರಕ್ಕೆ ಬರುತ್ತದೆ. ಉದ್ದ ಐವತ್ತು ನ್ಯಾನೊಮೀಟರಿನ ಆಸುಪಾಸು. ನೂರರಲ್ಲಿ ಸುಮಾರು ಎಪ್ಪತ್ತು ಪಾಲು ಅಕ್ಷರಗಳು ಜೋಡಿಗೂಡಿ ಗಟ್ಟಿಯಾಗಿವೆ. ಉಳಿದವು ಅಲ್ಲಲ್ಲಿ ಜೋಡಿ ಸಿಗದೆ ಸಣ್ಣ ಕುಣಿಕೆಗಳಾಗಿ ಉಬ್ಬಿಕೊಂಡಿವೆ. ಎಡದಿಂದ ಬಲಕ್ಕೆ ಎಣಿಸಿದರೆ ಇಂಥ ಕುಣಿಕೆಗಳು 27. ಗಟ್ಟಿ ಕಡ್ಡಿ, ನಡುವೆ ಒಂದು ಉಬ್ಬು, ಮತ್ತೆ ಗಟ್ಟಿ ಕಡ್ಡಿ, ಮತ್ತೊಂದು ಉಬ್ಬು: ಇದೇ ಅದರ ಲಯ. ಜೋಡಿಗಳು ಅಣುವನ್ನು ಕಾಪಾಡುತ್ತವೆ, ಜೋಡಿಯಾಗದವು ಅದರ ಕೆಲಸಗಳನ್ನು ಮಾಡಿಸುತ್ತವೆ.

ನಮ್ಮ ಹಳೆಯ ಕವಿಗಳಿಗೆ ಚಿತ್ರಕಾವ್ಯದ ಗೀಳಿತ್ತು. ಪದ್ಯದ ಅಕ್ಷರಗಳನ್ನು ಚಕ್ರದಲ್ಲೋ ಪದ್ಮದಲ್ಲೋ ಕೂರಿಸಿ, ಒಂದೇ ಅಕ್ಷರ ಎರಡು ದಾರಿಗಳ ಕೂಡುಗಂಟಿನಲ್ಲಿ ನಿಂತು ಎರಡೂ ಓದಿಗೆ ಹೊಂದುವಂತೆ ಕಟ್ಟುತ್ತಿದ್ದರು. ವಿಮರ್ಶಕರು ಅದನ್ನು ಬರಿಯ ಕಸರತ್ತು ಎಂದು ಬದಿಗಿಟ್ಟಿದ್ದುಂಟು, ಅದರಲ್ಲಿ ರೂಪಕ್ಕಾಗಿ ಅರ್ಥ ಬಾಗುತ್ತದೆ ಎಂಬುದು ಅವರ ದೂರು. ವೈರಾಯ್ಡಿನ ಮುಂದೆ ನಿಂತಾಗ ನನಗೆ ಆ ದೂರು ನಿಲ್ಲುವುದಿಲ್ಲ ಅನಿಸುತ್ತದೆ. ಇಲ್ಲಿ ರೂಪವನ್ನು ಬಿಟ್ಟರೆ ಬೇರೆ ಅರ್ಥವೇ ಇಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಜೀವಕೋಶದಲ್ಲಿ ಆರ್‌ಎನ್‌ಎ ಎಂದರೆ ಹೆಚ್ಚಾಗಿ ಸಂದೇಶ. ಡಿಎನ್‌ಎಯಲ್ಲಿರುವ ವಿಷಯವನ್ನು ನಕಲು ಮಾಡಿಕೊಂಡು ರೈಬೋಸೋಮಿಗೆ ಒಯ್ಯುತ್ತದೆ. ರೈಬೋಸೋಮು ಮೂರು ಮೂರು ಅಕ್ಷರ ಓದುತ್ತ ಪ್ರೋಟೀನನ್ನು ಹೆಣೆಯುತ್ತದೆ. ಓದು ಶುರುವಾಗಲು ಎ-ಯು-ಜಿ ಎಂಬ ಮೂರಕ್ಷರದ ಗುರುತು ಬೇಕು. ವೈರಸ್‌ಗಳು ಈ ನಿಯಮಕ್ಕೆ ಒಳಪಟ್ಟವು. ತಂಬಾಕಿನ ಮೊಸಾಯಿಕ್ ವೈರಸ್ಸಿನ ಸುಮಾರು 6,400 ಅಕ್ಷರಗಳಲ್ಲಿ ತನ್ನನ್ನು ನಕಲಿಸುವ ಕಿಣ್ವ, ಕೋಶದಿಂದ ಕೋಶಕ್ಕೆ ದಾಟಿಸುವ ಪ್ರೋಟೀನ್, ಮೈಮುಚ್ಚುವ ಕವಚ, ಎಲ್ಲದರ ಒಕ್ಕಣೆ ಇದೆ. ಆಲೂಗಡ್ಡೆಯ ವೈರಾಯ್ಡಿನ 359 ಅಕ್ಷರಗಳನ್ನು ಉಂಗುರದ ಸುತ್ತ ಎಷ್ಟು ಸಲ ಓದಿದರೂ ಎ-ಯು-ಜಿ ಒಮ್ಮೆಯೂ ಸಿಗುವುದಿಲ್ಲ. 73 ಎ, 77 ಯು, 101 ಜಿ ಇದ್ದೂ ಈ ಮೂವರು ಈ ಕ್ರಮದಲ್ಲಿ ಒಮ್ಮೆಯೂ ಅಕ್ಕಪಕ್ಕ ನಿಂತಿಲ್ಲ. ರೈಬೋಸೋಮಿಗೆ ಹೇಳಲು ಇದರ ಬಳಿ ಏನೂ ಇಲ್ಲ. ಹಾಗಿದ್ದೂ ಒಂದು ವೈರಸ್ ಮಾಡುವಷ್ಟನ್ನೂ ಇದು ಮಾಡುತ್ತದೆ: ಕೋಶದ ಒಳಹೋಗುತ್ತದೆ, ಕೋಶಕೇಂದ್ರ ಸೇರುತ್ತದೆ, ಹೆಚ್ಚುತ್ತದೆ, ಹೊರಬರುತ್ತದೆ, ಇಡೀ ಗಿಡಕ್ಕೆ ಹರಡುತ್ತದೆ. ಎಲ್ಲವೂ ಮೈಕಟ್ಟಿನಿಂದ.

ಇಷ್ಟು ಸಣ್ಣದಕ್ಕೆ ಇಷ್ಟು ಸಾಮರ್ಥ್ಯ ಇರಲಾರದು ಎಂಬ ನಂಬಿಕೆಯೇ ಇದನ್ನು ಅಡಗಿಸಿಟ್ಟಿತ್ತು. ಗೆಡ್ಡೆ ಕದಿರಿನಂತಾಗುವ ರೋಗವನ್ನು ಅಮೆರಿಕದ ನ್ಯೂಜೆರ್ಸಿಯಲ್ಲಿ 1922ರಷ್ಟು ಹಿಂದೆಯೇ ಗುರುತಿಸಿದ್ದರು. ಅಂಟುರೋಗ ಎಂಬುದೂ ಬೇಗ ಗೊತ್ತಾಯಿತು. ಬ್ಯಾಕ್ಟೀರಿಯ ಕಾಣಲಿಲ್ಲವಾದ್ದರಿಂದ ವೈರಸ್ ಎಂದು ಬರೆದುಕೊಂಡರು. ಆಲೂಗಡ್ಡೆಯಲ್ಲಿ ಲಕ್ಷಣ ಕಾಣಲು ಗೆಡ್ಡೆ ಬಲಿಯುವ ತನಕ ಕಾಯಬೇಕಿತ್ತು. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿದ್ದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಲಿಯಂ ರೇಮರ್ ಮತ್ತು ಮ್ಯೂರಿಯಲ್ ಒಬ್ರಯನ್ 1962ರಲ್ಲಿ ಅದೇ ರೋಗವನ್ನು ರಟ್ಗರ್ಸ್ ತಳಿಯ ಟೊಮೆಟೊಗೆ ದಾಟಿಸಿದರು. ಟೊಮೆಟೊ ವಾರಗಳಲ್ಲೇ ಮುರುಟಿ ಉತ್ತರ ಹೇಳಿತು. ಪ್ರಯೋಗಗಳು ಅಲ್ಲಿಂದ ಓಡತೊಡಗಿದವು.

ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಥಿಯೋಡೋರ್ ಡೀನರ್ ರೇಮರ್ ಜೊತೆ ಕೂತು ಈ ವೈರಸ್ಸನ್ನು ಶುದ್ಧೀಕರಿಸಲು ಹೊರಟರು. ವೈರಸ್ ಕಣ ಭಾರವಾದದ್ದು. ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ತಳಕ್ಕಿಳಿಯಬೇಕು. ರೋಗಕಾರಕ ಇಳಿಯಲೇ ಇಲ್ಲ, ಮೇಲಿನ ತಿಳಿಯಲ್ಲಿ ಉಳಿಯಿತು. ಪ್ರೋಟೀನನ್ನು ಕಿತ್ತೊಗೆಯುವ ಫೀನಾಲ್ ಹಾಕಿದರೂ ಅದರ ಶಕ್ತಿ ಕುಂದಲಿಲ್ಲ. ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವ ಒಂದಿಷ್ಟು ಸೋಕಿದರೆ ಸಾಕು, ಸೋಂಕು ಇಲ್ಲವಾಗುತ್ತಿತ್ತು. ಬತ್ತಲೆ ಆರ್‌ಎನ್‌ಎ ಎಂದು 1967ರಲ್ಲಿ ಇಬ್ಬರೂ ಪ್ರಕಟಿಸಿದರು. ಅದು ಯಾವ ವೈರಸ್ಸಿನ ಜೀನೋಮಿಗಿಂತಲೂ ಎಷ್ಟೋ ಪಟ್ಟು ಚಿಕ್ಕದು, ಯಾವ ಸಹಾಯಕ ವೈರಸ್ಸೂ ಜೊತೆಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು ಇನ್ನೂ ನಾಲ್ಕು ವರ್ಷ ಬೇಕಾದವು. 1971ರಲ್ಲಿ ಡೀನರ್ ವೈರಾಯ್ಡ್ ಎಂಬ ಹೆಸರನ್ನು ಮುಂದಿಟ್ಟರು. ಈ ನಾಲ್ಕು ವರ್ಷಗಳ ತಾಳ್ಮೆ ನನಗೆ ಶೋಧದಷ್ಟೇ ಚೆಲುವಾಗಿ ಕಾಣುತ್ತದೆ. ಪಠ್ಯಪುಸ್ತಕಗಳೆಲ್ಲ ಒಂದು ಕಡೆ, ಒಂದು ಟೊಮೆಟೊ ಸಸಿ ಇನ್ನೊಂದು ಕಡೆ ಇದ್ದಾಗ ಅವರು ಸಸಿಯ ಮಾತು ಕೇಳಿದರು.

ಆಮೇಲಿನ ಅಧ್ಯಾಯ ಜರ್ಮನಿಯದು. ಅಣು ಉಂಗುರ ಎಂಬುದನ್ನು ಹೈನ್ಜ್ ಸೆಂಗರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಡೆಟ್ಲೆಫ್ ರೀಸ್ನರ್ ಅದನ್ನು ಮೆಲ್ಲಗೆ ಕಾಯಿಸಿ ಯಾವ ಬಿಸಿಯಲ್ಲಿ ಎಷ್ಟು ಜೋಡಿ ಬಿಡುತ್ತವೆ ಎಂದು ಅಳೆದು ಕೋಲಿನ ರಚನೆಯನ್ನು ಊಹಿಸಿದರು. ಹಾನ್ಸ್ ಗ್ರಾಸ್ ಅಕ್ಷರ ಅಕ್ಷರವಾಗಿ ಓದಿ ಮುಗಿಸಿದ್ದು 1978ರಲ್ಲಿ. ಬ್ಯಾಕ್ಟೀರಿಯಕ್ಕಿಂತ ಮೇಲಿನ ಜೀವಿಗಳನ್ನು ಕಾಡುವ ರೋಗಕಾರಕಗಳಲ್ಲಿ ಮೊದಮೊದಲಿಗೆ ಪೂರ್ತಿ ಓದಿಸಿಕೊಂಡವುಗಳ ಸಾಲಿಗೆ ಈ 359 ಅಕ್ಷರಗಳು ಸೇರುತ್ತವೆ.

ಈಗ ಕೃತಿ ನಡೆಯುವ ರಂಗಕ್ಕೆ ಹೋಗೋಣ. ಚಾಕುವಿನ ಗಾಯದಿಂದಲೋ ಕೈ ತಾಗಿಯೋ ಒಂದು ವೈರಾಯ್ಡ್ ಕೋಶದೊಳಗೆ ಬಂದಿದೆ ಎನ್ನಿ. ಅದು ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಆರ್‌ಎನ್‌ಎ ಪಾಲಿಮರೇಸ್-2 ಎಂಬ ದೊಡ್ಡ ಕಿಣ್ವ ದುಡಿಯುತ್ತಿರುತ್ತದೆ. ಅದರ ವೃತ್ತಿ ಡಿಎನ್‌ಎ ಓದಿ ಆರ್‌ಎನ್‌ಎ ಬರೆಯುವುದು. ಆರ್‌ಎನ್‌ಎಯನ್ನೇ ಮೂಲಪ್ರತಿಯಾಗಿ ಓದುವುದು ಅದರ ಕಸುಬಲ್ಲ. ಅಣಬೆಯ ವಿಷವಾದ ಆಲ್ಫಾ-ಅಮಾನಿಟಿನ್ ಈ ಕಿಣ್ವವನ್ನು ತಡೆದರೆ ವೈರಾಯ್ಡಿನ ನಕಲೂ ನಿಲ್ಲುತ್ತದೆ ಎಂದು 1979ರಲ್ಲೇ ಗೊತ್ತಾಯಿತು. ಅಂದರೆ ಗಟ್ಟಿಯಾಗಿ ಜೋಡಿಗೂಡಿದ ಈ ಕೋಲನ್ನು ಆ ಕಿಣ್ವ ಓದಲು ಒಪ್ಪಿಕೊಳ್ಳುತ್ತದೆ. ಓದು ಎಲ್ಲಿಂದ ಶುರು? ಎಡತುದಿಯ ಕುಣಿಕೆಯಿಂದ, 359ನೆಯ ಯು ಅಥವಾ ಒಂದನೆಯ ಸಿ ಇರುವ ಕಡೆಯಿಂದ. ಜೋಡಿಯಾಗದೆ ಬಿಡುವಾಗಿ ಉಳಿದಿದ್ದವಲ್ಲ, ಅವೇ ಇವು. ಓದುವವರು ಯಾವ ಬಿಂದುವಿನಿಂದಾದರೂ ಎಣಿಸಬಹುದಾಗಿದ್ದ ವೃತ್ತದಲ್ಲಿ ವಿಜ್ಞಾನಿಗಳು ಹಾಕಿಕೊಂಡ ಒಂದನೆಯ ನಂಬರು, ಗಿಡ ತಾನೇ ಓದಲು ಆರಂಭಿಸುವ ಜಾಗಕ್ಕೆ ಬಂದು ಬಿದ್ದಿದೆ.

ಉಂಗುರದ ಸೊಗಸು ಇಲ್ಲಿ ಫಲಕ್ಕೆ ಬರುತ್ತದೆ. ತುದಿಯಿರುವ ಎಳೆಯನ್ನು ನಕಲಿಸುವಾಗ ತುದಿ ಬಂದೊಡನೆ ಕಿಣ್ವ ಕಳಚಿಕೊಳ್ಳುತ್ತದೆ. ಉಂಗುರಕ್ಕೆ ತುದಿಯೇ ಇಲ್ಲವಲ್ಲ, ಕಿಣ್ವ ಸುತ್ತುತ್ತಲೇ ಇರುತ್ತದೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಹಿಂದೆ ಬಿಚ್ಚಿಕೊಳ್ಳುತ್ತ ಹೋಗುವ ನಕಲಿನಲ್ಲಿ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ಆ ಪೂರಕ ಎಳೆಯನ್ನು ಮತ್ತೊಮ್ಮೆ ನಕಲಿಸಿದಾಗ ಮೂಲ ಪಾಠದ ಹಲವು ಪ್ರತಿಗಳು ಒಂದೇ ದಾರದಲ್ಲಿ ಸಿಗುತ್ತವೆ. ಇನ್ನು ಅವನ್ನು ಕತ್ತರಿಸಿ ಒಂದೊಂದನ್ನೂ ಉಂಗುರ ಮಾಡಬೇಕು. ಕೋಲಿನ ನಟ್ಟನಡುವೆ, ಹತ್ತಿರದ ಬಂಧು ವೈರಾಯ್ಡ್‌ಗಳಲ್ಲೆಲ್ಲ ಹೆಚ್ಚು ಬದಲಾಗದೆ ಉಳಿದಿರುವ ಒಂದು ಭಾಗವಿದೆ. ನಕಲು ಉದ್ದವಾಗಿರುವಾಗ ಈ ಭಾಗ ಒಂದು ರೀತಿ ಮಡಿಚಿಕೊಂಡಿರುತ್ತದೆ. ಆ ಮಡಿಕೆ ಕಂಡು ಗಿಡದ ಕಿಣ್ವ ಅಲ್ಲಿ ಕತ್ತರಿಸುತ್ತದೆ. ಕತ್ತರಿಸಿದ ಕೂಡಲೇ ಅದೇ ಅಕ್ಷರಗಳು ಬೇರೊಂದು ಬಗೆಯಲ್ಲಿ ಮಡಿಚಿಕೊಳ್ಳುತ್ತವೆ, ಎರಡು ತುದಿಗಳು ಪಕ್ಕಪಕ್ಕಕ್ಕೆ ಬರುತ್ತವೆ, ಬೆಸುಗೆಗೆ ಸಿದ್ಧವಾಗುತ್ತವೆ. ಒಂದೇ ಸಾಲು, ಎರಡು ಭಂಗಿ. ಒಂದು ಭಂಗಿ ಕತ್ತರಿಗೆ, ಇನ್ನೊಂದು ಬೆಸುಗೆಗೆ. ಬೆಸೆಯುವವರು ಯಾರು ಎಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ಸ್ಪೇನಿನ ವೆಲೆನ್ಸಿಯಾದಲ್ಲಿ ರಿಕಾರ್ಡೊ ಫ್ಲೋರೆಸ್, ಹೊಸೆ ಆಂಟೋನಿಯೊ ದಾರೋಸ್ ಮತ್ತು ಜೊತೆಗಾರರು 2012ರಲ್ಲಿ ಕಂಡುಕೊಂಡದ್ದು: ಡಿಎನ್‌ಎ ಲೈಗೇಸ್-1. ಗಿಡ ತನ್ನ ಡಿಎನ್‌ಎ ತುಂಡುಗಳನ್ನು ಬೆಸೆಯಲು ಇಟ್ಟುಕೊಂಡ ಕಿಣ್ವ ಅದು. ಓದುವವನೂ ಬೆಸೆಯುವವನೂ ಇಬ್ಬರೂ ಡಿಎನ್‌ಎ ಕೆಲಸಗಾರರು. ಇಬ್ಬರಿಂದಲೂ ಆರ್‌ಎನ್‌ಎ ಕೆಲಸ ಮಾಡಿಸಿಕೊಳ್ಳುವುದು ಬರಿಯ ಮಡಿಕೆಗಳ ಬಲದಿಂದ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಎಲೆಯೊಳಗಿನ ಪಯಣ. ಎಲೆ ನಮ್ಮ ಕಣ್ಣಿಗೆ ತೆಳ್ಳನೆಯ ಹಸಿರು ಹಾಳೆ. ಒಳಗೆ ಅದು ಅಂತಸ್ತುಗಳುಳ್ಳ ಮನೆ: ಮೇಲೆ ಹೊರಪದರ, ಅದರ ಕೆಳಗೆ ಕಂಬ ನಿಲ್ಲಿಸಿದಂತೆ ಸಾಲಾಗಿ ನಿಂತ ಪ್ಯಾಲಿಸೇಡ್ ಕೋಶಗಳು, ಅದರಡಿ ಗಾಳಿಗೆ ಎಡೆಬಿಟ್ಟು ಸಡಿಲವಾಗಿ ಕೂತ ಸ್ಪಂಜಿನಂಥ ಕೋಶಗಳು, ನಡುವೆ ನರಗಳು, ನರಗಳ ಸುತ್ತ ಒಂದು ಹೊದಿಕೆ. ಕೋಶದಿಂದ ಕೋಶಕ್ಕೆ ಸಣ್ಣ ಕಂಡಿಗಳಿವೆ. ಎಲ್ಲ ಕಂಡಿಗಳೂ ಒಂದೇ ಎಂದು ಮೊದಲು ಅಂದುಕೊಂಡಿದ್ದರು. ಅಮೆರಿಕದ ಓಹಾಯೋದಲ್ಲಿ ಬಿಯಾವ್ ಡಿಂಗ್ ಮತ್ತು ಅವರ ತಂಡ ವೈರಾಯ್ಡಿನ 27 ಕುಣಿಕೆಗಳನ್ನು ಒಂದೊಂದಾಗಿ ಕೆಡಿಸಿ, ಅಂದರೆ ಉಬ್ಬನ್ನು ಜೋಡಿ ಮಾಡಿ ಮುಚ್ಚಿ, ಏನಾಗುತ್ತದೆ ಎಂದು ನೋಡಿತು. ಕೆಲವು ಕುಣಿಕೆ ಹೋದರೆ ನಕಲೇ ಆಗಲಿಲ್ಲ. ಇನ್ನು ಕೆಲವು ಹೋದರೆ ನಕಲು ಸರಾಗವಾಗಿ ಆಗುತ್ತಿತ್ತು, ಪಯಣ ಮಾತ್ರ ನಿಲ್ಲುತ್ತಿತ್ತು. ಅದೂ ಬೇರೆ ಬೇರೆ ಬಾಗಿಲುಗಳಲ್ಲಿ.

ಬಲತುದಿಯ 27ನೆಯ ಕುಣಿಕೆ ಕೆಟ್ಟರೆ ವೈರಾಯ್ಡ್ ಹೊರಪದರದಿಂದ ಪ್ಯಾಲಿಸೇಡಿಗೆ ಇಳಿಯಲಾರದು. ಆರನೆಯದು ಕೆಟ್ಟರೆ ಪ್ಯಾಲಿಸೇಡಿನ ತನಕ ಬಂದು, ಅಲ್ಲಿಂದ ಸ್ಪಂಜಿನ ಪದರಕ್ಕೆ ದಾಟಲಾರದು. ಏಳನೆಯದು ಕೆಟ್ಟರೆ ನರದ ಹೊದಿಕೆಯ ತನಕ ಬಂದು ನಿಲ್ಲುತ್ತದೆ. ಆಹಾರರಸ ಹರಿಯುವ ಫ್ಲೋಯೆಂ ನಾಳದ ಒಳಗೆ ಪ್ರವೇಶವಿಲ್ಲ. ಈ ಏಳನೆಯ ಕುಣಿಕೆ ಎಷ್ಟು ಸಣ್ಣದು ಗೊತ್ತೇ? ಮೇಲಿನ ಸಾಲಿನ 43ನೆಯ ಯು, ಕೆಳಗಿನ ಸಾಲಿನ 318ನೆಯ ಸಿ. ಅಷ್ಟೇ. ಯು ಮತ್ತು ಸಿ ವ್ಯಾಕರಣದ ಪ್ರಕಾರ ಜೋಡಿಯಲ್ಲ. ಇಬ್ಬರ ನಡುವೆ ನೀರಿನ ಒಂದೇ ಒಂದು ಅಣು ಬಂದು ಕೂತು ಎರಡೂ ಕಡೆ ಕೈಚಾಚಿ ಹಿಡಿದುಕೊಳ್ಳುತ್ತದೆ. ಆ ನೀರಿನ ಅಣು ಕೂರುವಷ್ಟು ಎಡೆಯಿಂದ ಕೋಲು ಅಲ್ಲಿ ಸ್ವಲ್ಪವೇ ಬಾಗುತ್ತದೆ. ಆ ಬಾಗನ್ನು ಗಿಡದ ಯಾವುದೋ ಪ್ರೋಟೀನ್ ಗುರುತಿಸಿ ಬಾಗಿಲು ತೆರೆಯುತ್ತದೆ ಎಂಬುದು ಈ ಪ್ರಯೋಗಗಳಿಂದ ಹೊಳೆಯುವ ಚಿತ್ರ. ಇನ್ನೂ ಒಂದು ಸೊಗಸು: ಬಾಗಿಲುಗಳು ದಿಕ್ಕನ್ನೂ ನೋಡುತ್ತವೆ. ತಂಬಾಕಿನ ಎಲೆಯಲ್ಲಿ ನರದ ಹೊದಿಕೆಯಿಂದ ಆಚೆಯ ಹಸಿರು ಕೋಶಕ್ಕೆ ಹೋಗಲು ಅಣುವಿನ ಎರಡು ಜಾಗಗಳು ಕೂಡಿದ ಒಂದು ಗುರುತು ಬೇಕು. ಅಲ್ಲಿಂದ ವಾಪಸು ಬರಲು ಆ ಗುರುತು ಬೇಡ. ಎಲೆಯ ಒಳಗೆ ಇಷ್ಟು ಬಾಗಿಲುಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಚಿಲಕವಿದೆ ಎಂದು ನಮಗೆ ತಿಳಿಸಿಕೊಟ್ಟದ್ದೇ ಈ ರೋಗಾಣು. ಗಿಡ ತನ್ನದೇ ಆರ್‌ಎನ್‌ಎಗಳನ್ನು ದೂರಕ್ಕೆ ಕಳಿಸಿಕೊಳ್ಳುವ ದಾರಿಗಳೂ ಇವೇ ಇರಬೇಕು ಎಂದು ಆ ಕ್ಷೇತ್ರದವರು ಭಾವಿಸುತ್ತಾರೆ. ರೋಗದ ಕಥೆ ಓದಲು ಹೋದವರ ಕೈಗೆ ಎಲೆಯ ವಾಸ್ತುಶಾಸ್ತ್ರ ಸಿಕ್ಕಿದೆ.

ಅಕ್ಷರ ಒಂದು ಬದಲಾದರೆ ಏನಾಗಬಹುದು ಎಂಬುದನ್ನೂ ಸವಿಯಬೇಕು. 259ನೆಯ ಸಿ ಹೋಗಿ ಯು ಬಂದರೆ, ಆಲೂಗಡ್ಡೆ ಟೊಮೆಟೊಗಳ ಈ ವೈರಾಯ್ಡ್ ತಂಬಾಕಿನಲ್ಲೂ ಬೆಳೆಯುವ ಶಕ್ತಿ ಪಡೆಯುತ್ತದೆ. 257ನೆಯ ಯು ಹೋಗಿ ಎ ಬಂದರೆ, ಮಧ್ಯಮ ತೀವ್ರತೆಯ ತಳಿ ಟೊಮೆಟೊವನ್ನು ಕೊಲ್ಲುವ ತಳಿಯಾಗುತ್ತದೆ. ಕೋಶಗಳು ಹಿಗ್ಗುವುದನ್ನು ನಿಲ್ಲಿಸಿ ಗಿಡದ ನೆತ್ತಿ ಚಪ್ಪಟೆಯಾಗುತ್ತದೆ. 48ರಿಂದ 65ರವರೆಗೆ ಒಂದು ವಿಚಿತ್ರ ಸಾಲಿದೆ: ಹದಿನೆಂಟು ಅಕ್ಷರಗಳಲ್ಲಿ ಹದಿಮೂರು ಎ, ಐದು ಜಿ, ಬೇರೆ ಯಾರೂ ಇಲ್ಲ. ಎದುರಿಗೆ ಯು ಮತ್ತು ಸಿಗಳ ಗುಂಪು. ಎ-ಯು ಜೋಡಿ ಸಡಿಲ, ಅಣುವನ್ನು ಕಾಯಿಸಿದಾಗ ಮೊದಲು ಬಿಚ್ಚಿಕೊಳ್ಳುವ ಜಾಗ ಇದೇ. ಇಲ್ಲಿನ ಕೆಲವೇ ಅಕ್ಷರಗಳ ಪಾಠಾಂತರದಿಂದ ರೋಗ ಸೌಮ್ಯವೋ ಘೋರವೋ ಎಂಬುದು ತಿರುಗಿಹೋಗುತ್ತದೆ. ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ವಿದ್ವಾಂಸರಿಗೆ ಒಂದು ಅಕ್ಷರಸ್ಖಾಲಿತ್ಯದ ಬೆಲೆ ಗೊತ್ತು. ಅವರೂ ಬೆರಗಾಗುವಂಥ ಗ್ರಂಥ ಇದು.

ವೈರಾಯ್ಡ್‌ಗಳಲ್ಲಿ ಇನ್ನೊಂದು ಮನೆತನವಿದೆ. ಅವು ಕೋಶಕೇಂದ್ರಕ್ಕೆ ಹೋಗದೆ ಹಸಿರು ತುಂಬಿದ ಕ್ಲೋರೊಪ್ಲಾಸ್ಟಿನಲ್ಲಿ ನೆಲೆಸುತ್ತವೆ. ಬೆಣ್ಣೆಹಣ್ಣಿನ ಮೇಲೆ ಹಳದಿ ಗೀರು ಮೂಡಿಸುವ ವೈರಾಯ್ಡ್ ಈ ಮನೆತನದ್ದು, ಉದ್ದ 247 ಅಕ್ಷರಗಳ ಸುತ್ತಮುತ್ತ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ರಾಬರ್ಟ್ ಸೈಮನ್ಸ್ ಮತ್ತು ಸಂಗಡಿಗರು 1986ರಲ್ಲಿ ಕಂಡದ್ದು ಇದು: ಈ ವೈರಾಯ್ಡಿನ ಉದ್ದ ನಕಲನ್ನು ಕತ್ತರಿಸಲು ಕಿಣ್ವವೇ ಬೇಡ. ಪ್ರನಾಳದಲ್ಲಿ ಮೆಗ್ನೀಸಿಯಂ ಒಂದಿದ್ದರೆ ಸಾಕು, ಆರ್‌ಎನ್‌ಎ ತನ್ನನ್ನು ತಾನೇ, ಸರಿಯಾಗಿ ಬೇಕಾದ ಜಾಗದಲ್ಲೇ, ಕತ್ತರಿಸಿಕೊಳ್ಳುತ್ತದೆ. ಆರ್‌ಎನ್‌ಎ ಕೂಡ ಕಿಣ್ವದ ಕೆಲಸ ಮಾಡಬಲ್ಲದು ಎಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಅದಕ್ಕೆ ಕೆಲವೇ ವರ್ಷಗಳ ಹಿಂದೆ ತೋರಿಸಿದ್ದರು. 1989ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರ ಅಣುಗಳು ದೊಡ್ಡವು. ಇಲ್ಲಿ ಐವತ್ತರಷ್ಟು ಅಕ್ಷರಗಳು ಮೂರು ಕಡ್ಡಿಗಳಾಗಿ ಮಡಿಚಿಕೊಂಡು ನಡುವೆ ಒಂದು ಗಂಟಾಗುತ್ತವೆ. ಆ ಗಂಟಿನ ಕೆಲವೇ ಅಕ್ಷರಗಳು ಕತ್ತರಿಯ ಅಲಗು. ಚಿತ್ರ ಬರೆದರೆ ಸುತ್ತಿಗೆಯ ತಲೆಯಂತೆ ಕಾಣುವುದರಿಂದ ಹ್ಯಾಮರ್‌ಹೆಡ್ ಎಂಬ ಹೆಸರು. ಉಂಗುರ ಮುಚ್ಚಿದ ಮೇಲೆ ಅದೇ ಅಕ್ಷರಗಳು ಬೇರೆ ಜೋಡಿಗಳಲ್ಲಿ ಬೆರೆತುಹೋಗುತ್ತವೆ, ಅಲಗು ಕಾಣಿಸದಾಗುತ್ತದೆ. ಇಲ್ಲವಾದರೆ ಸಿದ್ಧವಾದ ಪ್ರತಿಯೂ ತನ್ನನ್ನು ಕತ್ತರಿಸಿಕೊಂಡುಬಿಡುತ್ತಿತ್ತು. ಅಲಗನ್ನು ಹೊರತೆಗೆಯುವ ಕಲೆಗಿಂತ ಅದನ್ನು ಮಡಿಚಿಡುವ ಈ ಕಲೆ ನನಗೆ ಹೆಚ್ಚು ಸೂಕ್ಷ್ಮವಾಗಿ ತೋರುತ್ತದೆ.

ಪೀಚ್ ಮರದಲ್ಲಿ ಇದೇ ಮನೆತನದ ಇನ್ನೊಬ್ಬ ಸದಸ್ಯನಿದ್ದಾನೆ. ಅವನ ಹೆಚ್ಚಿನ ತಳಿಗಳು ಮರಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಒಂದು ಬಗೆ ಮಾತ್ರ ಎಲೆಯ ಭಾಗಗಳನ್ನು ಪೂರ್ತಿ ಬಿಳಿಯಾಗಿಸುತ್ತದೆ. ಹಸಿರಿನ ನಡುವೆ ಸುಣ್ಣ ಬಳಿದಂಥ ಬಿಳುಪು, ಕೆಲವೊಮ್ಮೆ ಇಡೀ ಎಲೆಯೇ ಬೆಳ್ಳಗೆ. ಆ ಬಗೆಯಲ್ಲಿ ಹನ್ನೆರಡು ಹದಿನಾಲ್ಕು ಅಕ್ಷರಗಳ ಒಂದು ತುಣುಕು ಹೆಚ್ಚಾಗಿ ಸೇರಿಕೊಂಡಿರುತ್ತದೆ. ಇಷ್ಟರಿಂದ ಹಸಿರು ಅಳಿಯುವುದು ಹೇಗೆ? ಇಟಲಿಯ ಬಾರಿ ಮತ್ತು ವೆಲೆನ್ಸಿಯಾದ ಸಂಶೋಧಕರು 2012ರಲ್ಲಿ ಉತ್ತರ ಕೊಟ್ಟರು. ಜೋಡಿಗೂಡಿದ ಆರ್‌ಎನ್‌ಎ ಕಂಡರೆ ಗಿಡ ಅದನ್ನು ಸುಮಾರು 21 ಅಕ್ಷರಗಳ ಚೂರುಗಳಾಗಿ ಕೊಚ್ಚುತ್ತದೆ. ಆ ಚೂರುಗಳನ್ನು ಗುರುತುಚೀಟಿಯಂತೆ ಹಿಡಿದು ಅದಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿದ್ದರೂ ಹುಡುಕಿ ತುಂಡರಿಸುತ್ತದೆ. ಇದು ಗಿಡದ ರಕ್ಷಣೆಯ ಉಪಾಯ. ಸೇರಿಕೊಂಡ ಆ ತುಣುಕಿನಿಂದ ಹುಟ್ಟುವ ಚೂರು ಮಾತ್ರ, ಕ್ಲೋರೊಪ್ಲಾಸ್ಟನ್ನು ಕಟ್ಟಲು ಬೇಕಾದ ಎಚ್‌ಎಸ್‌ಪಿ-90 ಪ್ರೋಟೀನಿನ ಸಂದೇಶಕ್ಕೆ ಹೊಂದಿಬಿಡುತ್ತದೆ. ಗಿಡ ತನ್ನ ಶತ್ರುವನ್ನು ಹುಡುಕುತ್ತ ತನ್ನದೇ ಸಂದೇಶವನ್ನು ಕತ್ತರಿಸುತ್ತದೆ, ಕ್ಲೋರೊಪ್ಲಾಸ್ಟ್ ಬೆಳೆಯುವುದಿಲ್ಲ, ಎಲೆ ಬೆಳ್ಳಗಾಗುತ್ತದೆ. ಒಂದು ರೋಗದ ಲಕ್ಷಣವನ್ನು ಅಕ್ಷರಮಟ್ಟದ ತನಕ ಹೀಗೆ ಎಳೆಯೆಳೆಯಾಗಿ ಬಿಡಿಸಿ ಹೇಳಿದ ಉದಾಹರಣೆಗಳು ಜೀವಶಾಸ್ತ್ರದಲ್ಲಿ ಹೆಚ್ಚಿಲ್ಲ.

ಇಷ್ಟು ಹೊತ್ತು ಚೆಲುವಿನ ಮಾತಾಡಿದ ಮೇಲೆ ಫಿಲಿಪೀನ್ಸಿನ ತೆಂಗಿನ ತೋಟಗಳನ್ನು ಮರೆತರೆ ಅನ್ಯಾಯ. ಅಲ್ಲಿನ ಬಿಕೋಲ್ ಪ್ರದೇಶದಲ್ಲಿ ಕಾಡಾಂಗ್-ಕಾಡಾಂಗ್ ಎಂಬ ರೋಗ ಮೂರು ಕೋಟಿಗೂ ಹೆಚ್ಚು ತೆಂಗಿನ ಮರಗಳನ್ನು ಕೊಂದಿದೆ. ಕಾರಣ 246 ಅಕ್ಷರಗಳ ಒಂದು ವೈರಾಯ್ಡ್, ಈ ಕುಲದ ಅತಿ ಕಿರಿಯರಲ್ಲಿ ಒಂದು. ಮೊದಲು ಕಾಯಿಗಳು ದುಂಡಗೆ, ಸಣ್ಣಗಾಗಿ ಮೈಮೇಲೆ ಗೀರು ಬೀಳುತ್ತವೆ. ಆಮೇಲೆ ಹೊಂಬಾಳೆ ನಿಲ್ಲುತ್ತದೆ. ಗರಿಗಳು ಹಳದಿಯಾಗಿ ಕಡಿಮೆಯಾಗುತ್ತ ಬರುತ್ತವೆ. ಮರ ಸಾಯಲು ಎಂಟು, ಹತ್ತು, ಇನ್ನೂ ಹೆಚ್ಚು ವರ್ಷ ಹಿಡಿಯಬಹುದು. ತೆಂಗನ್ನು ಮನೆಯ ಮಗನಂತೆ ಸಾಕುವ ನಾಡಿನವರಿಗೆ ಆ ವರ್ಷಗಳು ಹೇಗಿರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ರೋಗ ಮುಂದುವರಿದಂತೆ ಅಣುವೂ ಬದಲಾಗುತ್ತದೆ: ಬಲತುದಿಯ ಸಾಲು ಎರಡು ಸಲ ಬರೆಸಿಕೊಂಡು ಮುನ್ನೂರು ಅಕ್ಷರಗಳ ಹತ್ತಿರಕ್ಕೆ ಬೆಳೆಯುತ್ತದೆ, ಮುಪ್ಪಾದ ರೋಗದಲ್ಲಿ ಈ ದೊಡ್ಡ ರೂಪವೇ ಹೆಚ್ಚು. ಸೋಂಕಿತ ಮರಕ್ಕೆ ಮದ್ದಿಲ್ಲ.

ಕೊಲ್ಲುವುದರಲ್ಲಿ ಸೌಂದರ್ಯ ಕಾಣಬಹುದೇ ಎಂದು ಯಾರಾದರೂ ಕೇಳಿದರೆ, ನಮ್ಮ ಕಾವ್ಯಮೀಮಾಂಸೆ ರೌದ್ರವನ್ನೂ ಭಯಾನಕವನ್ನೂ ರಸಗಳ ಪಂಕ್ತಿಯಲ್ಲಿ ಕೂರಿಸಿದೆ ಎಂದು ನೆನಪಿಸುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಬಿಕೋಲಿನ ರೈತನಿಗೆ ಏನಾದರೂ ಉಪಕಾರವಾಗುವುದಿದ್ದರೆ ಅದು ಈ 246 ಅಕ್ಷರಗಳನ್ನು ಕಣ್ಣೆವೆ ಮುಚ್ಚದೆ ಓದಿದವರಿಂದಲೇ. ಇಂದು ಬಿತ್ತನೆ ಆಲೂಗಡ್ಡೆಯನ್ನೂ ಕಿತ್ತಳೆಯ ಕಸಿಕಡ್ಡಿಯನ್ನೂ ವೈರಾಯ್ಡ್ ಇಲ್ಲವೆಂದು ಪರೀಕ್ಷಿಸಿ ಕೊಡಲು ಸಾಧ್ಯವಾಗಿರುವುದು ಅಕ್ಷರಕ್ರಮ ಗೊತ್ತಿರುವುದರಿಂದ.

ಎಲ್ಲ ವೈರಾಯ್ಡ್‌ಗಳೂ ಹೀಗೆ ಕ್ರೂರವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಮನೆಗಳ ಮುಂದೆ ಕುಂಡದಲ್ಲಿ ಬೆಳೆಸುವ ಬಣ್ಣದೆಲೆಯ ಕೋಲಿಯಸ್ ಗಿಡದಲ್ಲೂ ವೈರಾಯ್ಡ್‌ಗಳಿರುತ್ತವೆ, ಭಾರತದಲ್ಲೂ ಅವು ದಾಖಲಾಗಿವೆ. ಅವುಗಳಲ್ಲೊಂದು 248 ಅಕ್ಷರಗಳದ್ದು. ಗಿಡದ ಕೆಂಪು, ಹಳದಿ, ಕಂದು ಎಲೆಗಳ ಸೊಬಗಿಗೆ ಅದರಿಂದ ಕುಂದೇನೂ ಕಾಣುವುದಿಲ್ಲ.

ಇವು ಎಲ್ಲಿಂದ ಬಂದವು? ಡೀನರ್ 1989ರಲ್ಲಿ ಒಂದು ದಿಟ್ಟ ಊಹೆ ಮಂಡಿಸಿದರು. ಡಿಎನ್‌ಎಯೂ ಪ್ರೋಟೀನೂ ಬರುವ ಮೊದಲು ಆರ್‌ಎನ್‌ಎಯೇ ಬರಹವೂ ಕಿಣ್ವವೂ ಆಗಿದ್ದ ಕಾಲವೊಂದು ಇತ್ತು ಎಂದು ಅನೇಕ ವಿಜ್ಞಾನಿಗಳು ನಂಬುತ್ತಾರೆ. ವೈರಾಯ್ಡ್‌ಗಳು ಆ ಕಾಲದ ಪಳೆಯುಳಿಕೆಗಳು ಎಂಬುದು ಡೀನರ್ ವಾದ. ಚಿಕ್ಕ ಗಾತ್ರ, ತುದಿಯಿಲ್ಲದ ರೂಪ, ಪ್ರೋಟೀನಿನ ಒಕ್ಕಣೆ ಇಲ್ಲದಿರುವುದು, ಹ್ಯಾಮರ್‌ಹೆಡ್ಡಿನ ಸ್ವಯಂಕತ್ತರಿ, ಎಲ್ಲವೂ ಆ ಲೋಕಕ್ಕೆ ಹೊಂದುತ್ತವೆ. ಸೇವಂತಿಗೆಯ ವೈರಾಯ್ಡ್ ಇನ್ನೊಂದು ಸಾಕ್ಷಿ ಒದಗಿಸಿತು. ಸುಮಾರು 400 ಅಕ್ಷರಗಳ ಆ ಅಣುವಿನಲ್ಲಿ ನಕಲಿನ ತಪ್ಪು 400 ಅಕ್ಷರಕ್ಕೆ ಒಂದು ಎಂದು ಫ್ಲೋರೆಸ್, ಸಾಂತಿಯಾಗೊ ಎಲೆನಾ ಮತ್ತು ಜೊತೆಗಾರರು 2009ರಲ್ಲಿ ಅಳೆದರು. ಒಂದೊಂದು ಪ್ರತಿಗೂ ಸರಾಸರಿ ಒಂದು ತಪ್ಪು. ಇದಕ್ಕಿಂತ ಉದ್ದದ ಜೀನೋಮ್ ಇಷ್ಟು ತಪ್ಪುಗಳೊಡನೆ ಬದುಕಲಾರದು. ಆದಿಯ ಆರ್‌ಎನ್‌ಎಗಳು ಚಿಕ್ಕವಾಗಿರಲೇಬೇಕಿತ್ತು ಎಂಬ ತರ್ಕಕ್ಕೆ ಇದು ಒತ್ತಾಸೆ. ಈ ಊಹೆ ಒಪ್ಪದವರೂ ಇದ್ದಾರೆ. ಗಿಡಗಳ ಜೀನೋಮಿನಿಂದಲೇ ಇವು ಬಹಳ ತಡವಾಗಿ ಕಳಚಿಕೊಂಡು ಬಂದಿರಬಹುದು ಎನ್ನುತ್ತಾರೆ. ನನ್ನ ಮನಸ್ಸು ಡೀನರ್ ಕಡೆಗೆ ವಾಲುತ್ತದೆ. ಆದರೆ ವೈರಾಯ್ಡ್‌ಗಳು ನಮಗೆ ತಿಳಿದಮಟ್ಟಿಗೆ ಹೆಚ್ಚಾಗಿ ಹೂಬಿಡುವ ಗಿಡಗಳಲ್ಲಷ್ಟೇ ಸಿಕ್ಕಿವೆ ಎಂಬ ಆಕ್ಷೇಪಕ್ಕೆ ತೂಕವಿದೆ ಎಂದು ಒಪ್ಪುತ್ತೇನೆ.

ಆ ಆಕ್ಷೇಪದ ತೂಕ ಈಚೆಗೆ ಸ್ವಲ್ಪ ಇಳಿಯುತ್ತಿದೆ. ಮನುಷ್ಯರ ಹೆಪಟೈಟಿಸ್ ಡೆಲ್ಟಾ ವೈರಸ್ ಸುಮಾರು 1,700 ಅಕ್ಷರಗಳ ಉಂಗುರ, ವೈರಾಯ್ಡಿನಂತೆಯೇ ಕೋಲಾಗಿ ಮಡಿಚಿಕೊಳ್ಳುತ್ತದೆ ಎಂಬುದು ಹಳೆಯ ಸಂಗತಿ. 2024ರಲ್ಲಿ ಸ್ಟ್ಯಾನ್‌ಫರ್ಡಿನ ಆಂಡ್ರ್ಯೂ ಫೈರ್ ಅವರ ಪ್ರಯೋಗಾಲಯ ಒಬೆಲಿಸ್ಕ್ ಎಂಬ ಹೊಸ ಕುಲವನ್ನು ಪ್ರಕಟಿಸಿತು: ಸುಮಾರು ಸಾವಿರ ಅಕ್ಷರಗಳ ಆರ್‌ಎನ್‌ಎ ಉಂಗುರಗಳು, ಅವೂ ಕೋಲಿನ ಆಕಾರದವು, ಮನುಷ್ಯರ ಬಾಯಿ ಮತ್ತು ಕರುಳಿನ ಸೂಕ್ಷ್ಮಜೀವಿಗಳ ನಡುವೆ ಸಿಕ್ಕವು. ಒಂದು ಬಗೆಯ ಒಬೆಲಿಸ್ಕ್ ಬಾಯಿಯ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯದ ಒಳಗೇ ಇರುವುದು ಖಚಿತವಾಗಿದೆ. ವೈರಾಯ್ಡಿಗಿಂತ ಇವು ಒಂದು ವಿಷಯದಲ್ಲಿ ಬೇರೆ. ಇವುಗಳ ಅಕ್ಷರಗಳಲ್ಲಿ ಪ್ರೋಟೀನಿನ ಒಕ್ಕಣೆ ಇದೆ. ಸಂಶೋಧಕರು ಅದನ್ನು ಓಬ್ಲಿನ್ ಎಂದು ಕರೆದಿದ್ದಾರೆ, ಈವರೆಗೆ ತಿಳಿದ ಯಾವ ಪ್ರೋಟೀನಿಗೂ ಅದರ ಹೋಲಿಕೆ ಇಲ್ಲ. ಉಂಗುರ, ಕೋಲು, ಎದುರುಬದುರು ಜೋಡಿಗಳ ಸಾಲು ಆಲೂಗಡ್ಡೆಯ ಗೆಡ್ಡೆಯಲ್ಲಿದ್ದ ರೂಪದಂತೆಯೇ ಇವೆ. ಈ ಪ್ರೋಟೀನಿನ ಕೆಲಸ ಏನು, ತನ್ನನ್ನು ಹೊತ್ತ ಬ್ಯಾಕ್ಟೀರಿಯಕ್ಕೆ ಒಬೆಲಿಸ್ಕ್ ಏನು ಮಾಡುತ್ತದೆ ಎಂಬ ಹುಡುಕಾಟ ಪ್ರಯೋಗಾಲಯಗಳಲ್ಲಿ ಈಗ ನಡೆದಿದೆ.